ಆ ಸದ್ದು ಯಾರದು?

ತಮ್ಮ ಓದುತ್ತಾ ಕೂತಿದ್ದ. ನಾನು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಒಂದು ಕೂಗು ಕೇಳಿಸಿತು. ನೋವಿನದ್ದೂ ಅಲ್ಲ, ಭಯದ್ದೂ ಅಲ್ಲ. ಅವನ ದನಿಯೇ ಅಲ್ಲ ಅನ್ನಿಸಿತು. ಓಡಿ ಬಂದು ನೋಡಿದರೆ ಕುರ್ಚಿಯಿಂದ ಕೆಳಗೆ ಬಿದ್ದಿದ್ದ. ಮೈ ಕೊರಡಿನ ಹಾಗೆ ಸೆಟೆದಿತ್ತು. ಉಸಿರಿನ ಸದ್ದಿಲ್ಲ, ತುಟಿ ನೀಲಿ. ಆಮೇಲೆ ಕೈಕಾಲು ಅದುರಲು ಶುರುವಾಯಿತು.

ನಾನು ಮಾಡಿದ್ದೆಲ್ಲ ತಪ್ಪೇ. ಭುಜ ಅದುಮಿ ಹಿಡಿದೆ. ನಾಲಿಗೆ ಕಚ್ಚಿಕೊಂಡಾನು ಅಂತ ಹಲ್ಲಿನ ಮಧ್ಯೆ ಚಮಚ ತೂರಿಸಲು ನೋಡಿದೆ. ಪುಣ್ಯಕ್ಕೆ ಆಗಲಿಲ್ಲ. ಆಂಬುಲೆನ್ಸ್‌ಗೆ ಫೋನ್ ಮಾಡಿದಾಗ ಆ ಕಡೆಯವರೇ ತಿದ್ದಿದರು. ಹಿಡಿಯಬೇಡಿ, ಬಾಯಿಗೆ ಏನೂ ಹಾಕಬೇಡಿ, ತಲೆ ಕೆಳಗೆ ಮೆತ್ತಗಿರೋದು ಏನಾದರೂ ಇಡಿ, ಅದುರೋದು ನಿಂತ ತಕ್ಷಣ ಮಗ್ಗುಲಿಗೆ ಹೊರಳಿಸಿ. ಹಾಗೇ ಮಾಡಿದೆ. ಜೋರಾಗಿ ಗೊರಕೆ ಹೊಡೆಯತೊಡಗಿದ. ದಿನಾ ಬೈಯುತ್ತಿದ್ದ ಗೊರಕೆ ಕೇಳಿ ಅವತ್ತು ಅತ್ತುಬಿಟ್ಟೆ.

ಆದರೂ ಸಮಾಧಾನ ಇಲ್ಲ. ಎದೆಗೆ ಕಿವಿ ಇಟ್ಟೆ. ಧಡಧಡ ಹೊಡೆದುಕೊಳ್ಳುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದು, ‘ಫಿಟ್ಸ್ ಎಷ್ಟು ಹೊತ್ತು ಬಂದಿತ್ತು?’ ಹತ್ತು ನಿಮಿಷ ಇರಬೇಕು ಅಂದೆ. ಅವರು ನನ್ನ ಫೋನ್ ತೆಗೆಸಿ ನೋಡಿದರು. ಆಂಬುಲೆನ್ಸ್‌ನವರ ಜೊತೆ ಮಾತಾಡಿದ್ದೇ ಒಟ್ಟು 2 ನಿಮಿಷ 40 ಸೆಕೆಂಡ್! ಮಾತು ಮುಗಿಯುವ ಮುಂಚೆಯೇ ಫಿಟ್ಸ್ ನಿಂತಿತ್ತಲ್ಲ. ‘ಮುಂದಿನ ಸಲ ಗಡಿಯಾರ ನೋಡಿ. 5 ನಿಮಿಷ ದಾಟಿದರೆ ತಾನಾಗಿ ನಿಲ್ಲೋದು ಕಷ್ಟ, ಔಷಧಿ ಬೇಕಾಗುತ್ತೆ’ ಅಂದರು. ಮುಂದಿನ ಸಲ ಅನ್ನೋ ಮಾತು ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ಆಮೇಲೆ ಪ್ರಶ್ನೆಯ ಮೇಲೆ ಪ್ರಶ್ನೆ. ಬೀಳುವ ಮುಂಚೆ ಮುಖ ಬಿಳಚಿಕೊಂಡಿತ್ತಾ? ಬೆವರಿದ್ದನಾ? ಎಚ್ಚರವಾದ ಮೇಲೆ ನಿಮ್ಮ ಗುರುತು ಹಿಡಿಯಲು ಎಷ್ಟು ಹೊತ್ತಾಯಿತು? ನಾಲಿಗೆಯ ಅಂಚು ನೋಡಿದರು, ಒಂದು ಪಕ್ಕ ಕಚ್ಚಿಕೊಂಡಿದ್ದ. ಇದೆಲ್ಲ ಮುಗಿದ ಮೇಲೆ ಸ್ಟೆತಸ್ಕೋಪ್ ತೆಗೆದು ಎದೆಯ ಮೇಲೆ ನಾಲ್ಕು ಕಡೆ ಇಟ್ಟು ಕಣ್ಣು ಮುಚ್ಚಿಕೊಂಡರು.

ತೊಂದರೆ ಇರೋದು ಮಿದುಳಲ್ಲಿ, ಎದೆ ಯಾಕೆ ಕೇಳ್ತೀರಿ ಅಂದೆ. ‘ಮಿದುಳಿಗೆ ರಕ್ತ ಕಳಿಸೋದು ಇದೇ ಅಲ್ವಾ? ಎದೆಬಡಿತ ತಪ್ಪಿದರೂ, ಹೃದಯದ ಕವಾಟ ಕಿರಿದಾಗಿದ್ದರೂ ಮನುಷ್ಯ ದೊಪ್ಪನೆ ಬೀಳಬಹುದು, ಬಿದ್ದು ಒಂದಷ್ಟು ಅದುರಲೂಬಹುದು. ನೋಡಿದವರಿಗೆ ಅದೂ ಫಿಟ್ಸೇ’ ಅಂದರು. ಕಿರಿದಾದ ಕವಾಟದಲ್ಲಿ ರಕ್ತ ನುಗ್ಗುವಾಗ ಸುಯ್ ಅನ್ನೋ ಸದ್ದು ಬರುತ್ತದಂತೆ. ಇವನಲ್ಲಿ ಇರಲಿಲ್ಲ. ಇಸಿಜಿಯೂ ಸರಿಯಿತ್ತು.

ಮರುದಿನ ತಲೆಗೆ ವೈರ್ ಅಂಟಿಸಿ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ, ಮಾಡಿದರು. ಅದೂ ನಾರ್ಮಲ್. ನನಗೆ ಖುಷಿಯೋ ಖುಷಿ. ಅಷ್ಟು ಬೇಗ ಖುಷಿಪಡಬೇಡಿ, ನಾರ್ಮಲ್ ಬಂದ ಮಾತ್ರಕ್ಕೆ ಫಿಟ್ಸ್ ಅಲ್ಲ ಅಂತ ಅರ್ಥವಲ್ಲ ಅಂದರು ಡಾಕ್ಟರ್. ಸಿಡಿಲಿಲ್ಲದ ಹೊತ್ತಿನಲ್ಲಿ ಆಕಾಶದ ಫೋಟೋ ತೆಗೆದ ಹಾಗೆ, ಅಂತ ನಾನೇ ಅರ್ಥ ಮಾಡಿಕೊಂಡೆ.

ಮನೆಯಲ್ಲಿ ಎದೆಗೆ ಕಿವಿ ಇಟ್ಟ ಕಥೆ ಹೇಳಿದಾಗ ಅವರು ನಕ್ಕರು. ಹಿಂದೆ ಡಾಕ್ಟರುಗಳೂ ಹಾಗೇ ಮಾಡುತ್ತಿದ್ದರಂತೆ. 1816ರಲ್ಲಿ ಪ್ಯಾರಿಸ್‌ನ ಲೆನೆಕ್ ಅನ್ನೋ ಡಾಕ್ಟರ್, ಯುವತಿಯೊಬ್ಬಳ ಎದೆಗೆ ಕಿವಿ ಇಡಲು ಮುಜುಗರವಾಗಿ ಕಾಗದ ಸುತ್ತಿ ಕೊಳವೆ ಮಾಡಿಕೊಂಡರಂತೆ. ಸ್ಟೆತಸ್ಕೋಪ್ ಹುಟ್ಟಿದ್ದು ಹಾಗೆ. ‘ತಗೊಳ್ಳಿ, ಈಗ ಸರಿಯಾಗಿ ಕೇಳಿ’ ಅಂತ ತಮ್ಮದನ್ನೇ ಕೊಟ್ಟರು.

ಕಿವಿಗೆ ಉಲ್ಟಾ ಹಾಕಿಕೊಂಡೆ, ಏನೂ ಕೇಳಿಸಲಿಲ್ಲ. ತುದಿಗಳು ಮೂಗಿನ ಕಡೆ ತಿರುಗಿರಬೇಕಂತೆ. ತಿರುಗಿಸಿದೆ. ಲಬ್, ಡಬ್. ಎರಡು ಸದ್ದೂ ಕವಾಟಗಳು ಮುಚ್ಚುವಾಗ ಬರೋದು; ತೆರೆಯುವಾಗ ಸಾಮಾನ್ಯವಾಗಿ ಸದ್ದೇ ಇರೋದಿಲ್ಲ. ಬೆನ್ನ ಮೇಲೆ ಇಟ್ಟರೆ ಎಲೆ ಸರಿದಾಡಿದಂಥ ಉಸಿರು. ಹೊಟ್ಟೆಯ ಮೇಲೆ ಇಟ್ಟಾಗ ಗುಳುಗುಳು ಅಂದಿತು, ‘ಹಸಿವು ಕಣೇ ಅಕ್ಕ’ ಅಂದ. ತಲೆಯ ಮೇಲೂ ಇಟ್ಟು ನೋಡಿದೆ. ಕೂದಲು ಕರಕರ ಅಂದಿದ್ದು ಬಿಟ್ಟರೆ ಏನೂ ಇಲ್ಲ. ಅಷ್ಟು ದೊಡ್ಡ ಗಲಾಟೆ ನಡೆದ ಜಾಗ.

‘ಅವತ್ತು ಧಡಧಡ ಕೇಳಿಸಿದ್ದು ನಿಮ್ಮದೇ ಇರಬಹುದು. ಗಾಬರಿಯಲ್ಲಿ ನಮ್ಮ ನಾಡಿಯೇ ಕಿವಿಯಲ್ಲಿ ಬಡಿಯುತ್ತೆ’ ಅಂದರು ಡಾಕ್ಟರ್.

ತಮ್ಮ ನನ್ನ ಕೈಯಿಂದ ಸ್ಟೆತಸ್ಕೋಪ್ ಕಿತ್ತುಕೊಂಡು ನನ್ನ ಎದೆಗೆ ಇಟ್ಟ. ಸ್ವಲ್ಪ ಹೊತ್ತು ಸುಮ್ನೆ ಕೇಳಿದ.

‘ಇವತ್ತೂ ಹಾಗೇ ಹೊಡ್ಕೋತಿದೆ’ ಅಂದ.