ದಿನದ ಪಾಸ್ ಯಾವ ಆ್ಯಪ್‌ಗೆ ಕಟ್ಟೋದು?

ನನ್ನ ಆಟೊ ಹ್ಯಾಂಡಲ್ ಮೇಲೆ ಎರಡು ಫೋನ್ ಇರೋದು ನೋಡಿದ ತಕ್ಷಣ ಗಿರಾಕಿಗಳು ಕೇಳೋದು ಒಂದೇ ಪ್ರಶ್ನೆ: "ಅಣ್ಣಾ, ನಿಮಗೆ ಯಾವ ಆ್ಯಪ್‌ನಲ್ಲಿ ಜಾಸ್ತಿ ಸಿಗುತ್ತೆ?" ಓಲಾನೋ, ಉಬರೋ, ರ‍್ಯಾಪಿಡೊನೋ, ನಮ್ಮ ಯಾತ್ರಿನೋ ಅಂತ ಒಂದು ಹೆಸರು ಬರಲಿ ಅಂತ ಕಾಯ್ತಾರೆ. "ಈಗ ಟೈಮ್ ಎಷ್ಟು ಹೇಳಿ, ಆಮೇಲೆ ಹೇಳ್ತೀನಿ" ಅಂತೀನಿ. ನಗ್ತಾರೆ. ನಾನು ನಿಜಾನೇ ಹೇಳಿರ್ತೀನಿ.

ನನ್ನ ಮನೆ ಕಾಮಾಕ್ಷಿಪಾಳ್ಯದಲ್ಲಿ. ಬೆಳಿಗ್ಗೆ ಹೊತ್ತು ವಿಜಯನಗರ ಮೆಟ್ರೊ ಸುತ್ತಮುತ್ತ ಎಲ್ಲಾ ಚಿಕ್ಕ ಬಾಡಿಗೆಗಳೇ. ಆಗ ನನಗೆ ಬೇಕಾಗಿರೋದು ಹತ್ತಿರದ ಪಿಕಪ್, ಅಷ್ಟೇ. 2025ರ ಆಗಸ್ಟ್ 1ರಿಂದ ಬೆಂಗಳೂರಲ್ಲಿ ಮೀಟರ್ ರೇಟು ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಅದೇ ಲೆಕ್ಕ ಹಿಡಿದ್ರೆ ಆರು ಕಿಲೋಮೀಟರಿಗೆ 108 ಆಗುತ್ತೆ. ಆದ್ರೆ ಗಿರಾಕಿ ಮನೆ ಬಾಗಿಲಿಗೆ ಎರಡೂವರೆ ಕಿಲೋಮೀಟರ್ ಖಾಲಿ ಹೋಗಬೇಕು ಅಂದ್ರೆ, ಎಂಟೂವರೆ ಕಿಲೋಮೀಟರ್ ಓಡಿಸಿ 108. ಕಿಲೋಮೀಟರಿಗೆ 13 ರೂಪಾಯಿನೂ ಬೀಳಲ್ಲ. ಅದೇ ರಸ್ತೆಯಾಚೆ ನಿಂತಿರೋರನ್ನ ಹತ್ತಿಸ್ಕೊಂಡು ಎರಡು ಕಿಲೋಮೀಟರ್ ಬಿಟ್ಟು ಬಂದ್ರೆ 36ಕ್ಕೆ 36 ನನ್ನದೇ. ದೊಡ್ಡ ಬಾಡಿಗೆ ಒಳ್ಳೇ ಬಾಡಿಗೆ ಅಂತ ಹೊಸ ಹುಡುಗರು ಅಂದ್ಕೊಂಡಿರ್ತಾರೆ. ಒಂದು ತಿಂಗಳು ಗ್ಯಾಸ್ ಹಾಕಿಸಿದ್ರೆ ತಾನಾಗೇ ಗೊತ್ತಾಗುತ್ತೆ.

ಹಾಗಾಗಿ ರಿಕ್ವೆಸ್ಟ್ ಬಂದಾಗ ನನ್ನ ಕಣ್ಣು ಮೊದಲು ಹೋಗೋದು ಪಿಕಪ್ ಎಷ್ಟು ದೂರ ಅನ್ನೋದರ ಮೇಲೆ, ಆಮೇಲೆ ಡ್ರಾಪ್ ಯಾವ ಕಡೆ, ಕಡೇಗೆ ದುಡ್ಡು. ಇಷ್ಟೂ ಓದೋಕೆ ಸಿಗೋದು ಕೆಲವೇ ಸೆಕೆಂಡು. ಅಷ್ಟರಲ್ಲಿ ಸಿಗ್ನಲ್ ಬಿಟ್ಟಿರುತ್ತೆ, ಹಿಂದೆ ಬಿಎಂಟಿಸಿ ಬಸ್ಸು ಹಾರ್ನ್ ಒತ್ತಿ ಹಿಡಿದಿರುತ್ತೆ. ಮಳೆ ಬಂತೋ ಮುಗೀತು. ಸ್ಕ್ರೀನ್ ಮೇಲೆ ಒಂದು ಹನಿ ಬಿದ್ರೂ ನಾವು ಒತ್ತೋದು ಒಂದು, ಅದು ತಗೊಳ್ಳೋದು ಇನ್ನೊಂದು. ಹೋಲ್ಡರ್‌ಗೆ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದೀನಿ. ಬೆರಳು ಒರೆಸ್ಕೊಳ್ಳೋಕೆ ಸೀಟಿನ ಪಕ್ಕ ಒಂದು ಟವೆಲ್.

ಮೊದಲು ಆಯ್ಕೆ ಸುಲಭ ಇತ್ತು. ಕಮಿಷನ್ ಯಾರು ಕಮ್ಮಿ ಮುರ್ಕೋತಾರೋ ಅವರು ನಮ್ಮೋರು. 2022ರ ಅಕ್ಟೋಬರಲ್ಲಿ ಗಿರಾಕಿಗಳಿಂದ ಕನಿಷ್ಠ 100 ರೂಪಾಯಿ ತಗೋತಾರೆ ಅನ್ನೋ ದೂರು ಜೋರಾಗಿ, ಆಟೊ ಸೇವೆ ನಿಲ್ಲಿಸಿ ಅಂತ ಸಾರಿಗೆ ಇಲಾಖೆ ಆ್ಯಪ್ ಕಂಪನಿಗಳಿಗೆ ಹೇಳಿತು. ಆಗ ಸರ್ಕಾರದ ಕನಿಷ್ಠ ರೇಟು 30 ರೂಪಾಯಿ. ಮುಂದಿನ ತಿಂಗಳೇ ಆನ್‌ಲೈನ್ ಪೇಮೆಂಟ್ ಕಂಪನಿ ಜಸ್‌ಪೇಯವರೂ ಆಟೊ ರಿಕ್ಷಾ ಡ್ರೈವರ್ಸ್ ಯೂನಿಯನ್ನಿನವರೂ ಸೇರಿ ನಮ್ಮ ಯಾತ್ರಿ ಶುರು ಮಾಡಿದ್ರು. ಕಮಿಷನ್ ಇಲ್ಲ ಅಂದ್ರು. ಮಾರನೇ ವರ್ಷ ದಿನಕ್ಕೆ 25 ರೂಪಾಯಿ, ಇಲ್ಲಾಂದ್ರೆ ಬಾಡಿಗೆಗೆ 3.50 ಅಂತ ತಂದ್ರು. 2024ರಲ್ಲಿ ರ‍್ಯಾಪಿಡೊ, 2025ರ ಫೆಬ್ರುವರಿಯಲ್ಲಿ ಉಬರ್, ಜೂನ್‌ನಲ್ಲಿ ದೇಶಾದ್ಯಂತ ಓಲಾ, ಹೀಗೆ ಒಬ್ಬರ ಹಿಂದೆ ಒಬ್ಬರು ಕಮಿಷನ್ ಬಿಟ್ಟು, ದಿನಕ್ಕಿಷ್ಟು ಅಂತ ಮೊದಲೇ ಕಟ್ಟಿಸ್ಕೊಳ್ಳೋ ಪಾಸ್ ದಾರಿಗೇ ಬಂದ್ರು.

ಪೇಪರಲ್ಲಿ "ಚಾಲಕರಿಗೆ ಲಾಭ" ಅಂತ ಬಂತು. ಲಾಭ ಇದೆ, ಇಲ್ಲ ಅನ್ನಲ್ಲ. ಆದ್ರೆ ಕಮಿಷನ್ ಇದ್ದಾಗ ನನಗೆ ಬಾಡಿಗೆ ಇಲ್ಲದ ದಿನ ಕಂಪನಿಗೂ ದುಡ್ಡಿಲ್ಲ. ಪಾಸ್ ಆದ್ರೆ ಬೋಣಿ ಆಗೋಕೆ ಮುಂಚೆನೇ ನನ್ನ ಜೇಬಿಂದ ಹೋಗಿರುತ್ತೆ, ಆಮೇಲೆ ಬಂದ್ ಆಗಲಿ, ಮಳೆ ಸುರೀಲಿ, ನಷ್ಟ ನಂದೇ. ನಾಲ್ಕು ಆ್ಯಪ್‌ಗೂ ಪಾಸ್ ಕಟ್ಟಿಕೊಂಡು ಕೂತ್ರೆ ಬೆಳಗಿನ ತಿಂಡಿ ಕಾಸು ಹೋಯ್ತು. ಬಾಡಿಗೆ ಗಾಡಿ ಓಡಿಸೋರು ಮಾಲೀಕರಿಗೆ ದಿನಾ ಬೇರೆ ಕಟ್ಟಬೇಕು. ಇನ್ನೂ ಒಂದು ಕಾಟ ಇದೆ. ದುಡ್ಡು ಕಟ್ಟಿದೀವಲ್ಲ ಅಂತ ಕೆಟ್ಟ ಬಾಡಿಗೇನೂ ಹಿಡೀತೀವಿ, ಮುಯ್ಯಿ ಹಾಕಿ ಬಂದೋನು ಹಸಿವಿಲ್ಲದಿದ್ರೂ ಮೂರನೇ ಹೋಳಿಗೆ ಹಾಕಿಸ್ಕೊಂಡ ಹಾಗೆ.

ಅದಕ್ಕೇ ನಾನು ಪೂರ್ತಿ ದಿನದ ಪಾಸ್ ಕಟ್ಟೋದು ಒಂದಕ್ಕೇ. ಎರಡನೇ ಫೋನಲ್ಲಿ ಬಾಡಿಗೆಗಿಷ್ಟು ಅನ್ನೋ ಲೆಕ್ಕ ಸಿಕ್ಕರೆ ಇಟ್ಕೋತೀನಿ, ಇಲ್ಲಾಂದ್ರೆ ಆಫ್. ಆ ಒಂದು ಯಾವುದು ಅನ್ನೋದನ್ನ ಏರಿಯಾ ಹೇಳುತ್ತೆ. ಕಮಿಷನ್ ಸೊನ್ನೆ ಇದ್ದು ರಿಕ್ವೆಸ್ಟೂ ಸೊನ್ನೆ ಇದ್ರೆ ಏನು ಪ್ರಯೋಜನ? ನಾಗರಭಾವಿ ಕಡೆ ಕಾಲೇಜು ಹುಡುಗರು ಒಂದರಲ್ಲಿ ಹಾಕ್ತಾರೆ, ರಾಜಾಜಿನಗರದ ಅಜ್ಜಿಯರಿಗೆ ಮಕ್ಕಳು ಅಮೆರಿಕದಿಂದ ಇನ್ನೊಂದರಲ್ಲಿ ಬುಕ್ ಮಾಡಿ ಕೊಡ್ತಾರೆ. ಪೀಣ್ಯದಲ್ಲಿ ಓಡಿಸೋ ನನ್ನ ಭಾಮೈದನ ಆಯ್ಕೆ ನನ್ನದಕ್ಕೆ ಪೂರ್ತಿ ಉಲ್ಟಾ. ಇಬ್ಬರೂ ಸರಿ.

ದುಡ್ಡು ಯಾವಾಗ ಕೈಗೆ ಬರುತ್ತೆ ಅನ್ನೋದೂ ಅಷ್ಟೇ ಮುಖ್ಯ. ಹಿಂದೆ ಒಂದು ಆ್ಯಪ್‌ನಲ್ಲಿ ಆನ್‌ಲೈನ್ ಕಟ್ಟಿದ ಬಾಡಿಗೆ ದುಡ್ಡೆಲ್ಲ ವಾಲೆಟ್‌ನಲ್ಲೇ ಸಿಕ್ಕಾಕ್ಕೊಂಡಿತ್ತು. ಆ ವಾರ ಗಾಡಿ ಎಫ್‌ಸಿ, ಅಂದ್ರೆ ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸೋದು ಬೇರೆ ಇತ್ತು. ಫೋನ್ ಮಾಡಿದ್ರೆ "ಒಂದು ಒತ್ತಿ, ಎರಡು ಒತ್ತಿ" ಬಿಟ್ರೆ ಮನುಷ್ಯರ ದನಿ ಕೇಳಲಿಲ್ಲ. ಕೈಸಾಲ ಮಾಡಿ ಎಫ್‌ಸಿ ಮಾಡಿಸಿದೆ. ಈಗ ಪಾಸ್ ಬಂದ ಮೇಲೆ ಕ್ಯಾಶು, ಇಲ್ಲಾಂದ್ರೆ ನನ್ನದೇ ಕ್ಯೂಆರ್‌ಗೆ ಸ್ಕ್ಯಾನು. ಇಳಿಯುವಾಗ "ಆ್ಯಪಲ್ಲೇ ಕಟ್ ಆಗಲ್ವಾ?" ಅಂತ ಒಂದು ಸಣ್ಣ ವಾದ ಇದ್ದೇ ಇರುತ್ತೆ. ಪರವಾಗಿಲ್ಲ, ದುಡ್ಡು ಅವತ್ತೇ ಅಕೌಂಟಿಗೆ ಬಿತ್ತಲ್ಲ.

ಟಿಪ್ ವಿಚಾರ ಒಂದು ಮಾತು. ಗಾಡಿ ಸಿಗೋ ಮುಂಚೆನೇ ಆ್ಯಪ್‌ನಲ್ಲಿ ಟಿಪ್ ಕೇಳೋದು ತಪ್ಪು ಅಂತ 2025ರ ಮೇನಲ್ಲಿ ಕೇಂದ್ರ ಸಚಿವ ಪ್ರಲ್ಹಾದ ಜೋಶಿಯವರು ಆಕ್ಷೇಪ ಎತ್ತಿದ್ರು. ಗಿರಾಕಿ ಜಾಗದಲ್ಲಿ ನಿಂತ್ರೆ ನ್ಯಾಯಾನೇ. ಆದ್ರೆ ನಮಗೆ ಆ 10, 20 ರೂಪಾಯಿ ಖಾಲಿ ಓಡಿದ್ದಕ್ಕೆ ಗ್ಯಾಸ್ ಕಾಸು. ದೂರದ ಪಿಕಪ್‌ಗೆ ಲೆಕ್ಕದಲ್ಲೇ ಏನಾದ್ರೂ ಸೇರಿಸಿದ್ರೆ ನಾವ್ಯಾಕೆ ಟಿಪ್ ನೋಡ್ಕೊಂಡು ಕೂರ್ತೀವಿ? ಗಿರಾಕಿಗಳೂ ಸಾಮಾನ್ಯ ಅಲ್ಲ ಬಿಡಿ. ಮೂರು ಆ್ಯಪಲ್ಲಿ ಬುಕ್ ಮಾಡಿ, ಮೊದಲು ಬಂದ ಗಾಡಿ ಹತ್ತಿ, ಉಳಿದಿಬ್ಬರಿಗೆ ಕ್ಯಾನ್ಸಲ್ ಒತ್ತೋರನ್ನ ದಿನಾ ನೋಡ್ತೀನಿ.

ಸಂಜೆ ಆದ್ರೆ ಲೆಕ್ಕಾನೇ ಬೇರೆ. ಆರು ಗಂಟೆ ಮೇಲೆ ಊರಿನ ಆ ತುದಿ ವೈಟ್‌ಫೀಲ್ಡ್ ಅಂತ 450 ತೋರಿಸಿದ್ರೂ ಮುಟ್ಟಲ್ಲ. ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕಲ್ಲಿ ನಿಂತಲ್ಲೇ ನಿಂತು, ವಾಪಸ್ ಈ ಕಡೆ ಬಾಡಿಗೆ ಸಿಗದೆ ಖಾಲಿ ಬಂದೋರ ಕಥೆ ನಮ್ಮ ಸ್ಟ್ಯಾಂಡಲ್ಲಿ ಬೇಕಾದಷ್ಟಿವೆ. ರಾತ್ರಿ ಮೆಜೆಸ್ಟಿಕ್ ಸುತ್ತ ಇದ್ರೆ ಎರಡೂ ಫೋನ್ ಆನ್ ಮಾಡಿ ಮನೆ ದಾರಿ, ಮಾಗಡಿ ರೋಡ್ ಕಡೆ ಯಾವುದು ಬಂದ್ರೂ ಒತ್ತೋದೇ. ಬರಲಿಲ್ವಾ, ಎರಡನ್ನೂ ಆಫ್ ಮಾಡ್ತೀನಿ. ಬಸ್ಸಿಳಿದು ಬ್ಯಾಗ್ ಹಿಡ್ಕೊಂಡು ಕೈ ಅಡ್ಡ ಹಾಕೋರು ಸಿಕ್ಕೇ ಸಿಗ್ತಾರೆ. ಹತ್ತರ ಮೇಲೆ ಮೀಟರ್ ಮೇಲೆ ಒಂದೂವರೆ ಪಟ್ಟು, ಸರ್ಕಾರವೇ ಹೇಳಿದ್ದು. ಅದಕ್ಕೆ ಯಾರ ಪಾಸೂ ಬೇಡ.