ಮಂಗಳೂರಿನ ದಕ್ಕೆಯಲ್ಲಿ ಕ್ಯಾಮೆರಾ ಹಿಡಿದು ಎರಡು ಬೆಳಗು

ಪಣಂಬೂರು ಕಡಲತೀರದ ಸೂರ್ಯಾಸ್ತವನ್ನು ಸೆರೆಹಿಡಿಯುವ ಉದ್ದೇಶದಿಂದಲೇ ನಾನು ಕಳೆದ ನವೆಂಬರಿನಲ್ಲಿ ಉದ್ದನೆಯ ಜೂಮ್ ಲೆನ್ಸ್ ಹೊತ್ತು ಮಂಗಳೂರಿಗೆ ಹೋಗಿದ್ದೆ. ಮೊದಲ ಸಂಜೆ ಮೋಡ ಕವಿದು ಸೂರ್ಯ ಕಾಣಲೇ ಇಲ್ಲ. ಸಪ್ಪೆ ಮುಖ ಹಾಕಿಕೊಂಡು ಹಂಪನಕಟ್ಟೆಯ ಲಾಡ್ಜಿಗೆ ಮರಳಿದಾಗ ಅಲ್ಲಿನ ಹುಡುಗ, "ಬೆಳಿಗ್ಗೆ ದಕ್ಕೆಗೆ ಹೋಗಿ ಸರ್, ಅಲ್ಲಿ ಮೋಡ ಇದ್ದರೂ ಜನ ಉಂಟು" ಎಂದ. ನಾನು ಬೀದಿ ಛಾಯಾಗ್ರಹಣಕ್ಕೆ ಮರುಳಾದದ್ದು ಆ ಮಾತಿನಿಂದ.

ದಕ್ಕೆಯೆಂದರೆ ಹಳೆಯ ಬಂದರಿನಲ್ಲಿ ದೋಣಿಗಳಿಂದ ಮೀನು ಇಳಿಸುವ ಕಟ್ಟೆ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಅಲ್ಲಿಗೆ ನಡೆದೇ ಹೋಗಬಹುದು. ಆದರೆ ಬೆಳಗಾಗುವ ಮುನ್ನವೇ ಅಲ್ಲಿರಬೇಕು. ಮೊದಲ ದಿನ ನಾನು ಎ.ಸಿ. ಕೋಣೆಯಿಂದ ಕ್ಯಾಮೆರಾವನ್ನು ನೇರವಾಗಿ ಹೊರತೆಗೆದೆ; ಕರಾವಳಿಯ ತೇವದ ಗಾಳಿ ತಾಗಿದ್ದೇ ತಡ, ಲೆನ್ಸಿನ ತುಂಬ ಮಂಜು ಕಟ್ಟಿತು. ಒರೆಸಿದಷ್ಟೂ ಮತ್ತೆ ಕಟ್ಟುತ್ತಿದ್ದುದರಿಂದ ಒಳ್ಳೆಯ ಕಾಲು ಗಂಟೆ ವ್ಯರ್ಥವಾಯಿತು. ರಾತ್ರಿ ಎ.ಸಿ. ಹಾಕಿಕೊಳ್ಳುವವರು ಹೊರಡುವ ಅರ್ಧ ಗಂಟೆ ಮೊದಲೇ ಅದನ್ನು ಆರಿಸಿ, ಕಿಟಕಿ ತೆರೆದು, ಕ್ಯಾಮೆರಾವನ್ನು ಬ್ಯಾಗಿನೊಳಗೇ ಬಿಡುವುದು ಒಳ್ಳೆಯದು.

ದಕ್ಕೆಯಲ್ಲಿ ಜೂಮ್ ಲೆನ್ಸಿಗೆ ಕೆಲಸವಿಲ್ಲ. ಬುಟ್ಟಿ ಹೊತ್ತವರು, ಐಸು ತುಂಬಿದ ಕೈಗಾಡಿ ತಳ್ಳುವವರು, ಹರಾಜು ಕೂಗುವವರು ಎಲ್ಲರೂ ಮೊಳದ ದೂರದಲ್ಲೇ ಇರುತ್ತಾರೆ, 35 ಎಂ.ಎಂ. ಲೆನ್ಸೊಂದೇ ಸಾಕು. ನೆಲ ಜಾರುವುದರಿಂದ ಹಿಡಿತವಿರುವ ಪಾದರಕ್ಷೆ ಬೇಕು, ಗಾಡಿಯವರು ಕೂಗಿದ ಕೂಡಲೇ ಪಕ್ಕಕ್ಕೆ ಸರಿಯುವ ಎಚ್ಚರವೂ ಬೇಕು. ಬೆಳಕೇರಿದ ಮೇಲೆ ಹಸಿ ಬಂಗುಡೆ ಮೀನಿನ ಬೆಳ್ಳಿಮೈ ಚಿತ್ರದಲ್ಲಿ ಬರೀ ಬಿಳಿ ಕಲೆಯಾಗಿಬಿಡುತ್ತದೆ. ಆದ್ದರಿಂದ ಎಕ್ಸ್‌ಪೋಷರ್ ಅನ್ನು ಒಂದು ಸ್ಟಾಪ್ ಇಳಿಸಿ (ಅಂದರೆ ಒಳಬರುವ ಬೆಳಕನ್ನು ಅರ್ಧಕ್ಕೆ ತಗ್ಗಿಸಿ), ಶಟರ್ ವೇಗವನ್ನು ಸೆಕೆಂಡಿನ 1/250 ಭಾಗಕ್ಕಿಂತ ನಿಧಾನವಾಗಲು ಬಿಡದೆ (ನಿಧಾನವಾದರೆ ಚಲನೆ ಮಸುಕಾಗುತ್ತದೆ), ನೆರಳಿನ ವಿವರಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿಕೊಳ್ಳುವುದು ಲೇಸು.

ಅಲೆದಾಡುವುದಕ್ಕಿಂತ ಒಂದೆಡೆ ನಿಲ್ಲುವುದೇ ಹೆಚ್ಚು ಫಲ ಕೊಡುತ್ತದೆ ಎಂಬುದು ನನಗೆ ಎರಡನೆಯ ಬೆಳಿಗ್ಗೆ ಅರ್ಥವಾಯಿತು. ಮೀನು ವಿಂಗಡಿಸುತ್ತಿದ್ದ ಒಬ್ಬ ಹೆಂಗಸಿನ ಪಕ್ಕ ನಿಂತು, ಲಾಡ್ಜಿನ ಹುಡುಗ ಕಲಿಸಿದ್ದ ತುಳುವಿನಲ್ಲಿ "ಅಕ್ಕ, ಫೋಟೋ ದೆಪ್ಪೊಲಿಯಾ?" (ಫೋಟೋ ತೆಗೆಯಬಹುದಾ?) ಎಂದು ಕೇಳಿದೆ. ನನ್ನ ಉಚ್ಚಾರಕ್ಕೆ ನಕ್ಕು ತಲೆಯಾಡಿಸಿದ ಆಕೆ ಐದೇ ನಿಮಿಷದಲ್ಲಿ ನನ್ನನ್ನು ಮರೆತರು. ಅವರ ಎಡಗೈ ಐಸಿನ ಪುಡಿಯನ್ನು ಬದಿಗೆ ಸರಿಸುತ್ತಿತ್ತು. ಬಲಗೈ ನೋಡದೆಯೇ ಬೂತಾಯಿಯನ್ನೂ ಬಂಗುಡೆಯನ್ನೂ ಬೇರೆ ಬೇರೆ ಬುಟ್ಟಿಗೆ ಹಾಕುತ್ತಿತ್ತು. ಬಳೆಗೊಂದು ಮೀನಿನ ಪೊರೆ ಅಂಟಿಕೊಂಡು ಮಿನುಗುತ್ತಿತ್ತು. ಆ ಪ್ರವಾಸದಲ್ಲಿ ನಾನು ಉಳಿಸಿಕೊಂಡ ಚಿತ್ರವೆಂದರೆ ಆ ಬಳೆಯದೇ. ತೋರಿಸಿದಾಗ ಅವರು ಎತ್ತಿದ ತಕರಾರು ಒಂದೇ: ಮೀನು ಸಣ್ಣದಾಗಿ ಕಾಣುತ್ತದಂತೆ. ಬೇಡವೆಂದವರ ಮುಂದೆ ಮಾತ್ರ ಕ್ಯಾಮೆರಾ ಇಳಿಸಲೇಬೇಕು. ದೂರದಿಂದ ಕದ್ದು ತೆಗೆಯುವವರಿಂದಾಗಿ ಮುಂದೆ ಬರುವವರಿಗೂ ಬಾಗಿಲು ಮುಚ್ಚುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ದಕ್ಕೆಯಲ್ಲಿ ಈ ಗಡಿಬಿಡಿ ಇರುವುದಿಲ್ಲ. ಮಳೆಗಾಲ ಕಳೆದ ಮೇಲಿನ ತಿಂಗಳುಗಳೇ ಅನುಕೂಲ.

ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಕ್ಯಾಮೆರಾ ಒಳಗಿಟ್ಟು ಊಟ ಮಾಡಿ ಮಲಗುವುದೇ ಜಾಣತನ. ಸಂಜೆ ರಥಬೀದಿಗೆ ಹೋದರೆ ವೆಂಕಟರಮಣ ದೇವಸ್ಥಾನದ ಆಸುಪಾಸಿನಲ್ಲಿ ಹೂವಿನ ವ್ಯಾಪಾರವಿರುತ್ತದೆ. ಮಲ್ಲಿಗೆಯ ಲೆಕ್ಕ ಅಲ್ಲಿ ಚೆಂಡು ಮತ್ತು ಅಟ್ಟೆಯಲ್ಲಿ. ಚೆಂಡೆಂದರೆ ಕಟ್ಟಿದ ಹೂವಿನ ಸುರುಳಿ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಒಂದು ಚೆಂಡು ಕೊಂಡು ಮಾತಿಗಿಳಿದರೆ ಹೂವಿನವರು ಚಿತ್ರಕ್ಕೆ ಸಾಮಾನ್ಯವಾಗಿ ಒಲ್ಲೆ ಎನ್ನುವುದಿಲ್ಲ. ಸಮಯ ಮಿಕ್ಕರೆ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ನದಿ ದಾಟುವ ದೋಣಿಯಲ್ಲಿ ಕುಳಿತು, ಎದುರಿನ ಬೆಂಚಿನವರ ಮುಖದ ಮೇಲೆ ಬೀಳುವ ಇಳಿಬಿಸಿಲನ್ನು ನೋಡಿ. ಕಡಲ ಕಡೆಗೆ ಲೆನ್ಸ್ ತಿರುಗಿಸುವುದು ಆಮೇಲಾದರೂ ಆದೀತು.