ಅಮ್ಮನ ಎರಡನೆಯ ಸೆಟ್ಟು

ಅಮ್ಮನ ಮೊದಲ ಕೃತಕ ಹಲ್ಲಿನ ಸೆಟ್ಟು ಎರಡು ವರ್ಷ ಸ್ಟೀಲ್ ಡಬ್ಬಿಯೊಳಗೇ ಇತ್ತು. ಎರಡೇ ಭೇಟಿಯಲ್ಲಿ ಯಾರೋ ಅವಸರದಿಂದ ಮಾಡಿಕೊಟ್ಟ ಅದು ಮಾತನಾಡುವಾಗ ಮೇಲೇಳುತ್ತಿತ್ತು, ಉಣ್ಣುವಾಗ ವಸಡನ್ನು ಒತ್ತುತ್ತಿತ್ತು. ‘ಗಂಜಿಗೆ ಹಲ್ಲು ಯಾಕೆ’ ಎನ್ನುತ್ತ ಅವರು ಕುಚ್ಚಲಕ್ಕಿ ಗಂಜಿಯನ್ನು ಕಿವುಚಿ ಉಂಡು, ಎಲೆಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಕೊಂಡು ದಿನ ಕಳೆದರು. ಕಳೆದ ಮಳೆಗಾಲದಲ್ಲಿ ಹೇಗೋ ಒಪ್ಪಿಸಿ, 1965ರಲ್ಲಿ ಆರಂಭವಾದ ಮಣಿಪಾಲದ ದಂತ ವೈದ್ಯಕೀಯ ಕಾಲೇಜಿಗೆ ಉಡುಪಿಯಿಂದ ಬಸ್ಸಿನಲ್ಲಿ ಕರೆದುಕೊಂಡು ಹೋದೆ.

ಹಲ್ಲು ಹೋದ ಮೇಲೆ ಅದನ್ನು ಹಿಡಿದಿದ್ದ ಮೂಳೆಯೂ ಸವೆಯುತ್ತ ಹೋಗುತ್ತದೆ, ಅದರಲ್ಲೂ ವರ್ಷಗಳು ಕಳೆದಂತೆ ಕೆಳದವಡೆಯಲ್ಲಿ ಮೇಲಿನದರ ಸುಮಾರು ನಾಲ್ಕು ಪಟ್ಟು ಸವೆಯುತ್ತದೆ ಎಂಬುದು ನನಗೆ ಅಲ್ಲಿ ತಿಳಿಯಿತು. ಮೇಲಿನ ಸೆಟ್ಟು ಅಂಗುಳನ್ನೆಲ್ಲ ಆವರಿಸಿ ತೆಳುವಾದ ಜೊಲ್ಲಿನ ಪದರದಿಂದ ಅಂಟಿ ನಿಲ್ಲುತ್ತದೆ. ಕುದುರೆ ಲಾಳದಾಕಾರದ ಕೆಳಗಿನದಕ್ಕೆ ಆ ಆಸರೆ ಇಲ್ಲ, ಮೇಲಾಗಿ ನಾಲಿಗೆ ಅದನ್ನು ಸದಾ ತಳ್ಳುತ್ತಿರುತ್ತದೆ.

ಈ ಸಲ ಐದು ಭೇಟಿಗಳಾದವು. ಮೊದಲ ಅಚ್ಚಿನಿಂದ ಅಮ್ಮನ ಬಾಯಿಗೆಂದೇ ಒಂದು ಟ್ರೇ ಮಾಡಿ, ಅದರಲ್ಲಿ ಮತ್ತೆ ಸೂಕ್ಷ್ಮವಾದ ಅಚ್ಚು ತೆಗೆದರು. ಅಚ್ಚು ತೆಗೆಯುವ ಪೇಸ್ಟಿನ ವಾಸನೆಗೆ ಅಮ್ಮ, “ಲವಂಗ ಹಾಕಿದ್ದೀರಾ?” ಎಂದು ಕೇಳಿಯೇಬಿಟ್ಟರು, ಲವಂಗದೆಣ್ಣೆಯ ಸಾರ ಅದರಲ್ಲಿ ನಿಜವಾಗಿಯೂ ಇರುತ್ತದೆ. ಹೆಚ್ಚು ಹೊತ್ತು ಹಿಡಿದದ್ದು ದವಡೆಗಳ ಅಳತೆ. ಹಲ್ಲಿನ ಜಾಗದಲ್ಲಿ ಮೇಣದ ಕಟ್ಟೆಗಳನ್ನಿಟ್ಟು, “ಅಮ್ಮಾ, ಉಗುಳು ನುಂಗಿ, ನಾಲಿಗೆ ಹಿಂದಕ್ಕೆ ಮಡಚಿ ಮೆಲ್ಲ ಬಾಯಿ ಮುಚ್ಚಿ” ಎಂದು ಯುವ ವೈದ್ಯೆ ಮತ್ತೆ ಮತ್ತೆ ಹೇಳುತ್ತ, ಪ್ರತಿ ಸಲವೂ ಮೇಣವನ್ನು ಒಂದಿಷ್ಟು ಕೆರೆಯುತ್ತಿದ್ದರು. ಈ ಕಟ್ಟೆಗಳ ಎತ್ತರ ಹೆಚ್ಚಾದರೆ ಹಲ್ಲುಗಳು ಟಕಟಕ ತಾಗಿ ದವಡೆ ದಣಿಯುತ್ತದೆ, ಕಡಿಮೆಯಾದರೆ ಕೆನ್ನೆ ಕುಸಿದು ಮುಖ ಇನ್ನಷ್ಟು ಮುದುಡುತ್ತದೆ. ಹಳೆಯ ಸೆಟ್ಟು ಸೋತದ್ದೂ ಇಲ್ಲೇ ಇರಬೇಕೆಂದು ನನಗನಿಸಿತು.

ಮೇಣದಲ್ಲೇ 28 ಹಲ್ಲು ಜೋಡಿಸಿ ಕನ್ನಡಿ ಕೊಟ್ಟಾಗ ಅಮ್ಮನ ತಕರಾರು ಒಂದೇ: ಈ ಪ್ರಾಯಕ್ಕೆ ಇಷ್ಟು ಬಿಳಿ ಬೇಡ. ಹಲ್ಲುಗಳ ಬಣ್ಣ ಬದಲಾಯಿತು. ಅಕ್ರಿಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಬೇಯಿಸಿದ ಮೇಲೆ ಇದನ್ನೆಲ್ಲ ತಿದ್ದುವುದು ಕಷ್ಟ, ಆದ್ದರಿಂದ ನಾಚಿಕೆಪಡದೆ ಆಗಲೇ ಹೇಳಿಬಿಡಬೇಕು.

ಮನೆಗೆ ಬಂದ ಮೂರನೆಯ ದಿನ ಕೆಳವಸಡಿನಲ್ಲಿ ಹುಣ್ಣಾಯಿತು. ಹೋಗಿ ಸೆಟ್ಟಿನ ಒತ್ತುವ ಜಾಗವನ್ನು ಉಜ್ಜಿಸಿಕೊಂಡು ಬಂದೆವು. ರಾತ್ರಿ ತೆಗೆದು ತಣ್ಣೀರಿನಲ್ಲಿಡಬೇಕು, ಬಿಸಿನೀರು ತಾಗಿದರೆ ಆಕಾರ ಕೆಡುತ್ತದೆ, ಟೂತ್‌ಪೇಸ್ಟು ಹಾಕಿ ಉಜ್ಜಿದರೆ ಗೀರು ಬೀಳುತ್ತದೆ. ಅಗಿಯುವ ಬಲ ಸ್ವಂತ ಹಲ್ಲಿನ ಕಾಲು ಭಾಗವೂ ಇರದು ಎಂದು ಮೊದಲೇ ಹೇಳಿದ್ದರಿಂದ ಅಮ್ಮ ನೀರ್‌ದೋಸೆಯಿಂದ ಆರಂಭಿಸಿದರು, ಸಣ್ಣ ತುಂಡುಗಳನ್ನು ಎರಡೂ ಬದಿಗೆ ಹಂಚಿಕೊಂಡು. ಎರಡು ತಿಂಗಳಾಗುವಾಗ ಕೋರಿರೊಟ್ಟಿಗೂ ಕೈ ಹಾಕಿದರು, ಸಾರಿನಲ್ಲಿ ಚೆನ್ನಾಗಿ ನೆನೆಸಿಯೇ. ಅಡಿಕೆ ಬಿಡಿ ಎಂದ ವೈದ್ಯೆಯ ಮಾತೊಂದು ಮಾತ್ರ ನಡೆಯಲಿಲ್ಲ. ಕುಟ್ಟಾಣಿ ಇನ್ನೂ ಜಗಲಿಯಲ್ಲೇ ಇದೆ.